ಮೇಲಿಂಗ್ ಲಿಸ್ಟ್ ಮತ್ತು ಡಿಕಿಮ್ ಸಹಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಘ, ಹಳೆ ವಿದ್ಯಾರ್ಥಿಗಳ ಬಳಗ, ಓಪನ್ ಸೋರ್ಸ್ ಗುಂಪು, ಹೀಗೆ ಯಾವುದಕ್ಕಾದರೂ ಮೇಲಿಂಗ್ ಲಿಸ್ಟ್ (ಒಂದು ವಿಳಾಸಕ್ಕೆ ಬರೆದರೆ ಎಲ್ಲ ಸದಸ್ಯರಿಗೂ ಮೇಲ್ ಹಂಚುವ ವ್ಯವಸ್ಥೆ) ನಡೆಸುವವರಿಗೆ ಈ ಪುಟ. ಲಿಸ್ಟಿಗೆ ಮೇಲ್ ಹಾಕಿ, ಅದು ಎಲ್ಲರಿಗೂ ತಲುಪಲಿಲ್ಲ ಎಂದು ತಲೆ ಕೆಡಿಸಿಕೊಂಡವರಿಗೂ ಇದು ಉಪಯೋಗವಾಗುತ್ತದೆ. ಸರ್ವರ್ ನಡೆಸಿದ ಅನುಭವ ಇಲ್ಲದಿದ್ದರೂ ಓದಬಹುದು.

ನಮ್ಮ ಲಿಸ್ಟಿನ ಮೇಲ್ ಕೆಲವರಿಗೆ ಸರಿಯಾಗಿ ಬರುತ್ತದೆ, ಕೆಲವರಿಗೆ ಸ್ಪ್ಯಾಮ್ ಸೇರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಯಾಕೆ ಹೀಗೆ?

ಬಹಳ ಸಲ ಕಾರಣ ಒಂದೇ. ಕಳಿಸಿದವರ ಸರ್ವರ್ ಮೇಲ್‌ಗೆ ಡಿಕಿಮ್ ಎಂಬ ಡಿಜಿಟಲ್ ಸಹಿ ಹಾಕಿರುತ್ತದೆ. ಲಿಸ್ಟ್ ಆ ಮೇಲನ್ನು ಹಂಚುವ ಮೊದಲು ಸ್ವಲ್ಪ ತಿದ್ದುತ್ತದೆ. ತಿದ್ದಿದ ಮೇಲೆ ಸಹಿ ತಾಳೆಯಾಗುವುದಿಲ್ಲ. ತಾಳೆಯಾಗದ ಮೇಲನ್ನು ಏನು ಮಾಡಬೇಕು ಎಂದು ಒಂದೊಂದು ಕಂಪನಿಯ ಸರ್ವರ್ ಒಂದೊಂದು ಥರ ತೀರ್ಮಾನಿಸುತ್ತದೆ. ಹಾಗಾಗಿ ಒಂದೇ ಮೇಲ್, ಬೇರೆ ಬೇರೆ ಫಲ.

ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತೆಲ್ಲ ಹೇಳುತ್ತಾರೆ. ಇವುಗಳಲ್ಲಿ ಯಾವುದು ಏನು ಮಾಡುತ್ತದೆ?

ಎಸ್‌ಪಿಎಫ್ ನೋಡುವುದು ಮೇಲ್ ಯಾವ ಸರ್ವರ್‌ನಿಂದ ಬಂತು ಎಂಬುದನ್ನು. ನಮ್ಮ ಡೊಮೇನ್ (ಮೇಲ್ ವಿಳಾಸದಲ್ಲಿ ‘ಆಟ್’ ಚಿಹ್ನೆಯ ನಂತರದ ಭಾಗ) ಹೆಸರಲ್ಲಿ ಯಾವ ಐಪಿ ವಿಳಾಸಗಳು (ಸರ್ವರ್‌ಗಳ ಸಂಖ್ಯಾ ವಿಳಾಸ) ಮೇಲ್ ಕಳಿಸಬಹುದು ಎಂಬ ಪಟ್ಟಿಯನ್ನು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್‌ಗಳ ಸಾರ್ವಜನಿಕ ದಾಖಲೆಯಲ್ಲಿ, ಇಟ್ಟಿರುತ್ತೇವೆ. ಆದರೆ ಅದು ಪರೀಕ್ಷಿಸುವುದು ನಮ್ಮ ಕಣ್ಣಿಗೆ ಕಾಣುವ ಫ್ರಮ್ ವಿಳಾಸವನ್ನಲ್ಲ. ಮೇಲ್ ತಲುಪದೆ ಬೌನ್ಸ್ ಆದರೆ ಎಲ್ಲಿಗೆ ವಾಪಸ್ ಹೋಗಬೇಕು ಎಂದು ಸರ್ವರ್‌ಗಳು ತಮ್ಮೊಳಗೆ ಹೇಳಿಕೊಳ್ಳುವ ವಿಳಾಸ ಒಂದಿದೆಯಲ್ಲ, ಅದನ್ನು.

ಡಿಕಿಮ್ ನೋಡುವುದು ಮೇಲ್‌ನ ಒಳಗನ್ನು. ಕಳಿಸುವ ಸರ್ವರ್ ಬಾಡಿಯ (ಮೇಲ್‌ನ ಮುಖ್ಯ ಪಠ್ಯದ) ಹ್ಯಾಶ್, ಅಂದರೆ ಒಂದಕ್ಷರ ಬದಲಾದರೂ ಬದಲಾಗುವ ಬೆರಳಚ್ಚಿನಂಥ ಸಂಖ್ಯೆ, ಲೆಕ್ಕ ಹಾಕುತ್ತದೆ. ಅದನ್ನೂ ಫ್ರಮ್, ಸಬ್ಜೆಕ್ಟ್, ಡೇಟ್ ಮುಂತಾದ ಹೆಡರ್‌ಗಳನ್ನೂ (ಮೇಲ್‌ನ ತಲೆಯಲ್ಲಿರುವ ವಿವರದ ಸಾಲುಗಳು) ಸೇರಿಸಿ ತನ್ನ ಖಾಸಗಿ ಕೀಲಿಯಿಂದ ಸಹಿ ಮಾಡುತ್ತದೆ. ಸಾರ್ವಜನಿಕ ಕೀಲಿ ಡಿಎನ್‌ಎಸ್‌ನಲ್ಲಿರುತ್ತದೆ. ಯಾರು ಬೇಕಾದರೂ ತಾಳೆ ನೋಡಬಹುದು. ಯಾಹೂದ ಡೊಮೇನ್‌ಕೀಸ್ ಮತ್ತು ಸಿಸ್ಕೋದ ಇನ್ನೊಂದು ವಿಧಾನ ಸೇರಿ ಇದು ಹುಟ್ಟಿತು. 2007ರಲ್ಲಿ ಇಂಟರ್‌ನೆಟ್ ಮಾನದಂಡವಾಗಿ ಪ್ರಕಟವಾಯಿತು. ಈಗ ಬಳಕೆಯಲ್ಲಿರುವ ಮುಖ್ಯ ದಾಖಲೆ 2011ರ ಆರ್‌ಎಫ್‌ಸಿ 6376 (ಆರ್‌ಎಫ್‌ಸಿ ಅಂದರೆ ಇಂಟರ್‌ನೆಟ್ ಮಾನದಂಡಗಳನ್ನು ಪ್ರಕಟಿಸುವ ದಾಖಲೆ).

ಡಿಮಾರ್ಕ್ ಇವೆರಡನ್ನೂ ಫ್ರಮ್ ವಿಳಾಸಕ್ಕೆ ಕಟ್ಟುತ್ತದೆ. ಎಸ್‌ಪಿಎಫ್ ಅಥವಾ ಡಿಕಿಮ್, ಎರಡರಲ್ಲಿ ಒಂದಾದರೂ ಪಾಸ್ ಆಗಬೇಕು. ಸಾಲದು, ಹಾಗೆ ಪಾಸ್ ಆದ ಡೊಮೇನ್ ಮತ್ತು ಫ್ರಮ್‌ನಲ್ಲಿರುವ ಡೊಮೇನ್ ಹೊಂದಬೇಕು. ಹೊಂದದಿದ್ದರೆ ಏನು ಮಾಡಬೇಕು ಎಂದು ಡೊಮೇನ್‌ನ ಒಡೆಯರೇ ಹೇಳಿರುತ್ತಾರೆ. ‘ನನ್’ (none) ಅಂದರೆ ಏನೂ ಮಾಡಬೇಡಿ, ‘ಕ್ವಾರಂಟೈನ್’ ಅಂದರೆ ಸ್ಪ್ಯಾಮ್‌ಗೆ ಹಾಕಿ, ‘ರಿಜೆಕ್ಟ್’ ಅಂದರೆ ಬಾಗಿಲಲ್ಲೇ ತಿರಸ್ಕರಿಸಿ.

ಮೇಲಿಂಗ್ ಲಿಸ್ಟಿನ ಎಲ್ಲ ತಾಪತ್ರಯ ಇರುವುದು ಈ ‘ಹೊಂದಬೇಕು’ ಎಂಬ ಮಾತಿನಲ್ಲಿ.

ಲಿಸ್ಟ್ ಏನೇನು ಮಾಡಿದರೆ ಡಿಕಿಮ್ ಸಹಿ ಮುರಿಯುತ್ತದೆ?

ಸಹಿ ಹಾಕಿದ ಭಾಗದಲ್ಲಿ ಏನು ಬದಲಾದರೂ ಮುರಿಯುತ್ತದೆ. ಅರಗಿನ ಮುದ್ರೆ ಒತ್ತಿದ ಲಕೋಟೆ ಇದ್ದ ಹಾಗೆ: ಒಳ್ಳೆಯ ಉದ್ದೇಶದಿಂದ ತೆರೆದರೂ ಮುದ್ರೆ ಒಡೆದೇ ಒಡೆಯುತ್ತದೆ.

ದೊಡ್ಡ ಅಪರಾಧಿಗಳು ಎರಡು. ಸಬ್ಜೆಕ್ಟಿನ ಮುಂದೆ ಚೌಕ ಬ್ರಾಕೆಟ್‌ನಲ್ಲಿ ಲಿಸ್ಟಿನ ಹೆಸರು ಸೇರಿಸುವುದು ಒಂದು. ಮೇಲ್‌ನ ಕೊನೆಗೆ ‘ಸದಸ್ಯತ್ವ ಬಿಡಲು ಇಲ್ಲಿ ಒತ್ತಿ’ ಎಂಬ ಫುಟರ್ ಅಂಟಿಸುವುದು ಇನ್ನೊಂದು. ಅಟ್ಯಾಚ್‌ಮೆಂಟ್ ಕಿತ್ತುಹಾಕುವುದು, ಎಚ್‌ಟಿಎಂಎಲ್ ತೆಗೆದು ಬರೀ ಪಠ್ಯ ಉಳಿಸುವುದು ಕೂಡ ಇದೇ ಸಾಲಿಗೆ ಸೇರುತ್ತವೆ.

ಕಣ್ಣಿಗೆ ಬೀಳದ ಕಾರಣಗಳೂ ಇವೆ. ಕೆಲವು ಸರ್ವರ್‌ಗಳು ಮೇಲ್‌ನಲ್ಲಿ ಇಲ್ಲದ ಹೆಡರ್‌ಗೂ ಸಹಿ ಹಾಕುತ್ತವೆ. ‘ಇದರಲ್ಲಿ ರಿಪ್ಲೈ-ಟು (ಉತ್ತರ ಹೋಗಬೇಕಾದ ವಿಳಾಸ) ಇಲ್ಲ, ಮುಂದೆ ಯಾರೂ ಸೇರಿಸಬಾರದು’ ಎಂದು ಅದರ ಅರ್ಥ. ಲಿಸ್ಟ್ ತನ್ನ ವಿಳಾಸವನ್ನು ರಿಪ್ಲೈ-ಟುಗೆ ಹಾಕಿದ ಕ್ಷಣ ಸಹಿ ಹೋಯಿತು. ಲಿಸ್ಟುಗಳೇ ಸೇರಿಸುವ ಸೆಂಡರ್, ಲಿಸ್ಟ್-ಐಡಿ ಹೆಡರ್‌ಗಳಿಗೆ ಹೀಗೆ ಸಹಿ ಹಾಕಿದ ಮೇಲ್ ಬಂದರಂತೂ ಯಾವ ಲಿಸ್ಟಿಗೂ ಸಹಿಯನ್ನು ಉಳಿಸಿಕೊಳ್ಳುವುದು ಕಷ್ಟ. ಅದು ಲಿಸ್ಟಿನ ತಪ್ಪಲ್ಲ. ಕಳಿಸುವ ಸರ್ವರ್‌ನ ಸೆಟ್ಟಿಂಗ್ ಅತಿಯಾಗಿದೆ ಅಷ್ಟೇ.

ಡಿಕಿಮ್‌ನಲ್ಲಿ ಸಣ್ಣ ವ್ಯತ್ಯಾಸ ಕ್ಷಮಿಸುವ ‘ರಿಲ್ಯಾಕ್ಸ್ಡ್’ ಎಂಬ ಆಯ್ಕೆ ಇದೆಯಲ್ಲ. ಅದನ್ನು ಇಟ್ಟರೆ ಸಾಕಲ್ವಾ?

ಸಾಲದು. ಅದು ಕ್ಷಮಿಸುವುದು ಖಾಲಿ ಜಾಗದ ವ್ಯತ್ಯಾಸವನ್ನು ಮಾತ್ರ. ಹೆಡರ್ ಸಾಲು ಎಲ್ಲಿ ಮುರಿದಿದೆ, ಸಾಲಿನ ಕೊನೆಗೆ ಸ್ಪೇಸ್ ಇದೆಯೇ, ಇಂಥವು. ಒಂದು ಪದ ಸೇರಿದರೂ ಅದು ಸಹಿಸುವುದಿಲ್ಲ. ಆದರೂ ಬಹುತೇಕ ಏನನ್ನೂ ಕ್ಷಮಿಸದ ‘ಸಿಂಪಲ್’ಗಿಂತ ‘ರಿಲ್ಯಾಕ್ಸ್ಡ್’ ಎಷ್ಟೋ ವಾಸಿ. ದಾರಿಯಲ್ಲಿ ಎರಡು ಮೂರು ಸರ್ವರ್ ದಾಟುವ ಮೇಲ್‌ಗೆ ಅದೇ ಇರಲಿ.

ಕನ್ನಡದಲ್ಲಿ ಬರೆದ ಮೇಲ್‌ಗೆ ತೊಂದರೆ ಜಾಸ್ತಿಯೇ?

ಹೌದು. ಇದರ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಂಪ್ಯೂಟರ್‌ನಲ್ಲಿ ಅಕ್ಷರ ಬರೆದಿಡುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರದ ಹಲಂತವೂ ಸೇರಿ 5 ಸಂಕೇತ, ಅಂದರೆ 15 ಬೈಟ್. ಹಳೆಯ ಮೇಲ್ ವ್ಯವಸ್ಥೆ ಇಂಗ್ಲಿಷ್ ಅಕ್ಷರಗಳಿಗಷ್ಟೇ ಕಟ್ಟಿದ್ದು. ಆದ್ದರಿಂದ ಈ ಬೈಟ್‌ಗಳನ್ನು ಬೇಸ್64 ಅಥವಾ ಕ್ವೋಟೆಡ್-ಪ್ರಿಂಟಬಲ್ ಎಂಬ ರೂಪಕ್ಕೆ ಬದಲಿಸಿ ಕಳಿಸುವುದು ವಾಡಿಕೆ. ಕ್ವೋಟೆಡ್-ಪ್ರಿಂಟಬಲ್‌ನಲ್ಲಿ ಅದೇ ‘ಕನ್ನಡ’ 45 ಅಕ್ಷರ ಉದ್ದವಾಗುತ್ತದೆ.

ಈಗ ಸಬ್ಜೆಕ್ಟ್ ಸಾಲು ನೋಡಿ. ಹೀಗೆ ರೂಪ ಬದಲಿಸಿದ ಒಂದು ತುಂಡು 75 ಅಕ್ಷರ ಮೀರಬಾರದು ಎಂಬ ನಿಯಮವಿದೆ. ಬೇಸ್64ರಲ್ಲಿ ಲೆಕ್ಕ ಹಾಕಿದರೆ ಒಂದು ತುಂಡಿಗೆ ಕನ್ನಡದ 15 ಸಂಕೇತ ಹಿಡಿಸುತ್ತದೆ. ಅಂದರೆ ಸಾಧಾರಣ ಉದ್ದದ ಕನ್ನಡ ಸಬ್ಜೆಕ್ಟ್ ಎರಡು ಮೂರು ತುಂಡಾಗಿಯೇ ಹೋಗುತ್ತದೆ. ಲಿಸ್ಟ್ ತಂತ್ರಾಂಶ ಅದನ್ನು ಬಿಚ್ಚಿ ಓದಿ, ಮತ್ತೆ ಕಟ್ಟುವಾಗ ತುಂಡು ಬೇರೆ ಜಾಗದಲ್ಲಿ ಬೀಳಬಹುದು. ಬೇಸ್64 ಇದ್ದದ್ದು ಕ್ವೋಟೆಡ್-ಪ್ರಿಂಟಬಲ್ ಆಗಬಹುದು. ಓದುವವರಿಗೆ ಸಬ್ಜೆಕ್ಟ್ ಅದೇ. ಸಹಿಗೆ ಮಾತ್ರ ಅದು ಬೇರೆಯೇ ಸಾಲು. ‘ರಿಲ್ಯಾಕ್ಸ್ಡ್’ ಕೂಡ ಇದನ್ನು ಕ್ಷಮಿಸುವುದಿಲ್ಲ.

ಬಾಡಿಯದ್ದೂ ಇದೇ ಕಥೆ. ಕನ್ನಡ ಪಠ್ಯವನ್ನು ರೂಪ ಬದಲಿಸದೆ 8 ಬಿಟ್‌ನಲ್ಲೇ ಸಹಿ ಮಾಡಿ ಕಳಿಸಿದರೆ, ಮುಂದಿನ ಸರ್ವರ್ ಅದನ್ನು ಒಪ್ಪದೇ ಇದ್ದಾಗ ದಾರಿಯಲ್ಲಿ ರೂಪ ಬದಲಾಗುತ್ತದೆ, ಹ್ಯಾಶ್ ಕೆಡುತ್ತದೆ. ಸಹಿ ಹಾಕುವ ಮೊದಲೇ 7 ಬಿಟ್ ರೂಪಕ್ಕೆ (ಬೇಸ್64ನಂಥದ್ದಕ್ಕೆ) ತನ್ನಿ ಎಂದು ಡಿಕಿಮ್ ಮಾನದಂಡವೇ ಸಲಹೆ ಕೊಡುತ್ತದೆ. ಇನ್ನು ಫುಟರ್. ಲಿಸ್ಟಿನ ಭಾಷೆ ಇಂಗ್ಲಿಷ್ ಎಂದಿದ್ದು, ಮೇಲ್ ಕನ್ನಡದ್ದಾಗಿದ್ದರೆ, ಮೇಲ್‌ಮ್ಯಾನ್‌ನಂಥ ತಂತ್ರಾಂಶ ಕೆಲವು ಸಲ ಫುಟರನ್ನು ಬೇರೆಯೇ ಭಾಗವಾಗಿ ಸೇರಿಸುತ್ತದೆ. ಆಗ ಸಾದಾ ಮೇಲ್‌ನ ಇಡೀ ರಚನೆಯೇ ಬದಲಾಗುತ್ತದೆ.

ನನ್ನ ಸಲಹೆ ಇಷ್ಟು. ನಿಮ್ಮ ಲಿಸ್ಟಿನಲ್ಲಿ ಕನ್ನಡ ಓಡಾಡುತ್ತದೆ ಎಂದಾದರೆ ಪರೀಕ್ಷೆಯ ಮೇಲನ್ನೂ ಕನ್ನಡದಲ್ಲೇ ಕಳಿಸಿ, ಸಬ್ಜೆಕ್ಟ್ ಉದ್ದವಾಗಿರಲಿ. ಸುಮ್ನೆ ‘ಟೆಸ್ಟ್’ ಎಂದು ಇಂಗ್ಲಿಷಿನಲ್ಲಿ ಕಳಿಸಿ ಪಾಸ್ ಆಯಿತು ಎಂದು ನಂಬಬೇಡಿ.

ಬಾಡಿಯ ಇಷ್ಟು ಭಾಗಕ್ಕೆ ಮಾತ್ರ ಸಹಿ ಎಂದು ಉದ್ದ ಹೇಳುವ ‘ಎಲ್’ ಟ್ಯಾಗ್ ಇದೆಯಂತೆ. ಅದರಿಂದ ಫುಟರ್ ಸಮಸ್ಯೆ ತಪ್ಪುತ್ತದೆಯೇ?

ದಯವಿಟ್ಟು ಬಳಸಬೇಡಿ. ಲಿಸ್ಟ್ ಫುಟರ್ ಸೇರಿಸಬಹುದಾದರೆ ವಂಚಕರೂ ಸೇರಿಸಬಹುದು. ನಿಮ್ಮ ಸಹಿ ಕೆಡದೆ, ಕೆಳಗೆ ಅವರ ಲಿಂಕ್ ಕೂತಿರುತ್ತದೆ.

ಸಹಿ ಮುರಿದ ಮೇಲ್ ಎಲ್ಲವೂ ತಿರಸ್ಕಾರವಾಗುತ್ತದೆಯೇ?

ಇಲ್ಲ. ಮುರಿದ ಸಹಿಯನ್ನು ಸಹಿಯೇ ಇಲ್ಲದ ಹಾಗೆ ನೋಡಬೇಕು ಎನ್ನುತ್ತದೆ ಡಿಕಿಮ್ ಮಾನದಂಡ. ಸಹಿ ಮುರಿಯಿತು ಎಂಬ ಒಂದೇ ಕಾರಣಕ್ಕೆ ಮೇಲನ್ನು ಕೆಟ್ಟದ್ದು ಎನ್ನುವ ಹಾಗಿಲ್ಲ. ಹಾಗಾಗಿಯೇ ವರ್ಷಗಟ್ಟಲೆ ಲಿಸ್ಟುಗಳು ಸಹಿ ಮುರಿಯುತ್ತಲೇ ಇದ್ದವು, ಯಾರಿಗೂ ಏನೂ ಆಗಲಿಲ್ಲ.

ಪರಿಸ್ಥಿತಿ ಬದಲಾದದ್ದು 2014ರ ಏಪ್ರಿಲ್‌ನಲ್ಲಿ. ಡಿಮಾರ್ಕ್ ಮೊದಲು ಹೊರಬಂದಾಗ, 2012ರಲ್ಲಿ, ಅದರ ಹಿಂದೆ ಪೇಪಾಲ್, ಗೂಗಲ್, ಯಾಹೂ, ಮೈಕ್ರೋಸಾಫ್ಟ್‌ನಂಥ ಕಂಪನಿಗಳಿದ್ದವು. ‘ರಿಜೆಕ್ಟ್’ ಎಂಬ ಗಟ್ಟಿ ನೀತಿ ಚೆನ್ನಾಗಿ ಒಗ್ಗುತ್ತಿದ್ದದ್ದು ಬ್ಯಾಂಕಿನ ಸೂಚನೆ, ಬಿಲ್ಲು, ರಸೀದಿಯಂಥ ಮೇಲ್‌ಗೆ. ಅಂಥ ವಿಳಾಸದಿಂದ ಯಾರೂ ಲಿಸ್ಟಿಗೆ ಬರೆಯುವುದಿಲ್ಲ. ಆದರೆ ಯಾಹೂ ಹೆಸರಲ್ಲಿ ನಕಲಿ ಮೇಲ್ ವಿಪರೀತವಾದಾಗ, ಆ ಕಂಪನಿ ಜನಸಾಮಾನ್ಯರು ಬಳಸುವ ತನ್ನ ಡೊಮೇನ್‌ಗೇ ‘ರಿಜೆಕ್ಟ್’ ಹಾಕಿತು. ಅದೇ ತಿಂಗಳು ಎಒಎಲ್ ಕೂಡ ಹಾಕಿತು. ಯಾಹೂ ವಿಳಾಸದಿಂದ ಲಿಸ್ಟಿಗೆ ಬರೆದವರ ಮೇಲ್ ಲೋಕದ ತುಂಬ ತಿರಸ್ಕಾರವಾಗತೊಡಗಿತು. ಆ ಕಾಲದಲ್ಲಿ ನಮ್ಮವರಲ್ಲೂ ಎಷ್ಟೋ ಜನರ ಮೊದಲ ಮೇಲ್ ವಿಳಾಸ ಯಾಹೂದ್ದೇ ಆಗಿತ್ತು.

ಮೇಲ್ ಬರೆದವರು ಬೇರೆ ಯಾರೋ. ಲಿಸ್ಟಿನಿಂದ ಹೊರಬಿದ್ದದ್ದು ನಾನು! ಇದೆಂಥ ನ್ಯಾಯ?

ನ್ಯಾಯವಲ್ಲ. ಆದರೆ ಹೇಗಾಗುತ್ತದೆ ಎಂಬುದು ಅರ್ಥವಾದರೆ ಸರಿಪಡಿಸಬಹುದು.

‘ರಿಜೆಕ್ಟ್’ ಇರುವ ಡೊಮೇನ್‌ನಿಂದ ಒಬ್ಬರು ಲಿಸ್ಟಿಗೆ ಬರೆಯುತ್ತಾರೆ. ಲಿಸ್ಟ್ ಅದಕ್ಕೆ ಫುಟರ್ ಸೇರಿಸಿ ಎಲ್ಲರಿಗೂ ಕಳಿಸುತ್ತದೆ. ನಿಮ್ಮ ಮೇಲ್ ಸರ್ವರ್ ಡಿಮಾರ್ಕ್ ನೋಡಿ, 550 ಎಂಬ (ಮೇಲ್ ಒಪ್ಪುವುದಿಲ್ಲ ಎನ್ನುವ) ಸಂಕೇತ ಕೊಟ್ಟು ವಾಪಸ್ ಕಳಿಸುತ್ತದೆ. ಬೌನ್ಸ್ ಹೋಗುವುದು ಬರೆದವರಿಗಲ್ಲ, ಲಿಸ್ಟಿಗೆ. ಲಿಸ್ಟಿನ ಲೆಕ್ಕದಲ್ಲಿ ‘ಈ ಸದಸ್ಯರ ವಿಳಾಸ ಕೆಟ್ಟಿದೆ’ ಎಂದು ನಿಮ್ಮ ಹೆಸರಿನ ಮುಂದೆ ಒಂದು ಅಂಕ ಬೀಳುತ್ತದೆ. ಮೇಲ್‌ಮ್ಯಾನ್ 2.1ರ ಮೂಲ ಸೆಟ್ಟಿಂಗ್ ಪ್ರಕಾರ ದಿನಕ್ಕೆ ಹೆಚ್ಚೆಂದರೆ 1 ಅಂಕ. 5 ಅಂಕವಾದರೆ ಮೇಲ್ ನಿಲ್ಲುತ್ತದೆ. 7 ದಿನ ಬೌನ್ಸ್ ಇಲ್ಲದಿದ್ದರೆ ಅಂಕ ಅಳಿಯುತ್ತದೆ. ಅಂದರೆ ಯಾಹೂ ವಿಳಾಸದ ಉತ್ಸಾಹಿಯೊಬ್ಬರು ದಿನಾ ಬರೆದರೆ, ವಾರದೊಳಗೆ ನಿಮ್ಮಂಥ ಎಷ್ಟೋ ಸದಸ್ಯರು ತಾವಾಗಿಯೇ ಬಿಟ್ಟುಹೋದವರ ಹಾಗೆ ಮೌನವಾಗುತ್ತಾರೆ. ಬರೆದವರಿಗೆ ಸುಳಿವೂ ಸಿಗುವುದಿಲ್ಲ.

ಲಿಸ್ಟ್ ನಡೆಸುವವರಲ್ಲಿ ನನ್ನ ಕೋರಿಕೆ: ಸದಸ್ಯರ ಪಟ್ಟಿಯಲ್ಲಿ ಬೌನ್ಸ್ ಕಾರಣಕ್ಕೆ ನಿಂತವರ ಪಕ್ಕ ‘ಬಿ’ ಎಂಬ ಗುರುತು ಇರುತ್ತದೆ. ಒಮ್ಮೆಗೇ ಜಾಸ್ತಿ ಜನಕ್ಕೆ ಆ ಗುರುತು ಬಿದ್ದಿದ್ದರೆ ಬಹುಶಃ ವಿಳಾಸ ಕೆಟ್ಟಿದ್ದಲ್ಲ, ಡಿಮಾರ್ಕ್ ಸಮಸ್ಯೆ. ಅವರನ್ನು ತೆಗೆದುಹಾಕುವ ಮೊದಲು ಬೌನ್ಸ್ ಸಂದೇಶ ತೆರೆದು ಓದಿ. ಜಿಮೇಲ್‌ನಿಂದ ಬಂದದ್ದಾದರೆ ಅದರಲ್ಲಿ 5.7.26 ಎಂಬ ಸಂಖ್ಯೆಯೂ ಡಿಮಾರ್ಕ್ ಎಂಬ ಮಾತೂ ಇರುವುದುಂಟು.

ಲಿಸ್ಟ್ ತನ್ನದೇ ಡಿಕಿಮ್ ಸಹಿ ಹಾಕಿದರೆ ಸರಿಹೋಗುವುದಿಲ್ಲವೇ?

ಹಾಕಲೇಬೇಕು, ಆದರೆ ಅದೊಂದರಿಂದ ಡಿಮಾರ್ಕ್ ಪಾಸ್ ಆಗುವುದಿಲ್ಲ. ಸಹಿ ಲಿಸ್ಟಿನ ಡೊಮೇನ್‌ದು, ಫ್ರಮ್‌ನಲ್ಲಿರುವುದು ಬರೆದವರ ಡೊಮೇನ್. ಎರಡೂ ಹೊಂದುವುದಿಲ್ಲ. ಎಸ್‌ಪಿಎಫ್ ಕಥೆಯೂ ಇಷ್ಟೇ. ಬೌನ್ಸ್ ವಿಳಾಸ ಲಿಸ್ಟಿನದ್ದೇ ಆದ್ದರಿಂದ ಅದು ಪಾಸ್ ಆಗುತ್ತದೆ, ಹೊಂದುವುದಿಲ್ಲ.

ಹಾಗಾದರೆ ಪರಿಹಾರ ಏನು?

ಪ್ರಾಮಾಣಿಕವಾದ ದಾರಿ ಎರಡೇ ಎಂಬುದು ನನ್ನ ಅಭಿಪ್ರಾಯ. ಮೇಲನ್ನು ಮುಟ್ಟದೆ ಹಾಗೇ ದಾಟಿಸಿ. ಇಲ್ಲವೇ ತಿದ್ದಿ, ಆದರೆ ತಿದ್ದಿದ್ದಕ್ಕೆ ನಿಮ್ಮ ಲಿಸ್ಟಿನ ಹೆಸರಲ್ಲೇ ಹೊಣೆ ಹೊರಿ. ತಿದ್ದಿಯೂ ಬರೆದವರ ಹೆಸರಲ್ಲೇ ಕಳಿಸುವುದು ಹಿಂದೆ ನಡೆಯುತ್ತಿತ್ತು. ಈಗ ಅದು ನಕಲಿ ಮೇಲ್‌ನ ಹಾಗೆಯೇ ಕಾಣುತ್ತದೆ, ಮತ್ತು ಯಂತ್ರಕ್ಕೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ.

ಮುಟ್ಟದೆ ದಾಟಿಸುವುದು ನಿಜಕ್ಕೂ ಸಾಧ್ಯವೇ?

ಸಾಧ್ಯ. ಲಿನಕ್ಸ್ ಕರ್ನಲ್‌ನ ಲಿಸ್ಟುಗಳೇ ಉದಾಹರಣೆ. ಅಲ್ಲಿ ಸಬ್ಜೆಕ್ಟಿಗೆ ಹೆಸರು ಸೇರಿಸುವುದಿಲ್ಲ, ಫುಟರ್ ಇಲ್ಲ. ಮೇಲ್‌ನಲ್ಲೇ ಕೋಡ್ ಪ್ಯಾಚ್ (ತಿದ್ದುಪಡಿ) ಕಳಿಸುವ ಜಾಗ ಅದು. ಒಂದು ಸ್ಪೇಸ್ ಬದಲಾದರೂ ಪ್ಯಾಚ್ ಕೆಡುತ್ತದೆ. ಸಹಿ ಉಳಿಯುವುದರಿಂದ ಇನ್ನೊಂದು ಲಾಭವೂ ಆಗಿದೆ: ಪ್ಯಾಚ್‌ಗಳನ್ನು ಇಳಿಸಿಕೊಳ್ಳುವ ಬಿ4 ಎಂಬ ಉಪಕರಣ ಆ ಡಿಕಿಮ್ ಸಹಿಯನ್ನು ಪರೀಕ್ಷಿಸಿ, ಮೇಲ್ ಅದೇ ಡೊಮೇನ್‌ನಿಂದ ಬದಲಾಗದೆ ಬಂದಿದೆಯೇ ಎಂದು ತೋರಿಸುತ್ತದೆ.

ಸಬ್ಜೆಕ್ಟಿನಲ್ಲಿ ಲಿಸ್ಟಿನ ಹೆಸರು ಇಲ್ಲದಿದ್ದರೆ ಫಿಲ್ಟರ್ ಹೇಗೆ ಮಾಡುವುದು ಎಂದು ಸದಸ್ಯರು ಕೇಳುತ್ತಾರೆ. ಲಿಸ್ಟ್-ಐಡಿ ಹೆಡರ್ ಇರುವುದೇ ಅದಕ್ಕೆ. 2001ರಿಂದ ಅದಕ್ಕೆ ಮಾನದಂಡವಿದೆ. ಸದಸ್ಯತ್ವ ಬಿಡುವ ಕೊಂಡಿಗೂ ಪ್ರತ್ಯೇಕ ಹೆಡರ್ ಇದೆ, ಅದು 1998ರದ್ದು. ಫುಟರ್‌ನ ಕೆಲಸವನ್ನು ಅದು ಮಾಡುತ್ತದೆ.

ಒಂದು ಮಿತಿ ಹೇಳಬೇಕು. ಬರೆದವರ ಡೊಮೇನ್ ಡಿಕಿಮ್ ಹಾಕದೆ ಬರೀ ಎಸ್‌ಪಿಎಫ್ ನಂಬಿ ‘ರಿಜೆಕ್ಟ್’ ಎಂದಿದ್ದರೆ, ನೀವು ಎಷ್ಟೇ ಮುಟ್ಟದಿದ್ದರೂ ಅವರ ಮೇಲ್ ಬಿದ್ದುಹೋಗುತ್ತದೆ. ಅಂಥವರಿಗೆ ಕೆಳಗಿನ ದಾರಿಯೇ ಗತಿ.

ಫ್ರಮ್ ವಿಳಾಸವನ್ನೇ ಬದಲಿಸುವುದು ಅಂದರೆ?

ಬರೆದವರ ವಿಳಾಸದ ಜಾಗದಲ್ಲಿ ಲಿಸ್ಟಿನ ವಿಳಾಸ ಹಾಕುವುದು. ಹೆಸರಿನ ಜೊತೆ ‘ವಯಾ’ ಎಂದು ಲಿಸ್ಟಿನ ಹೆಸರು ಕಾಣುತ್ತದಲ್ಲ, ಅದೇ. ಮೇಲ್‌ಮ್ಯಾನ್ 2.1.18, 2014ರಲ್ಲೇ ಬಂದದ್ದು, ಇದನ್ನು ‘ರಿಜೆಕ್ಟ್’ ಇರುವ ಡೊಮೇನ್‌ಗಳಿಗೆ ಮಾತ್ರ ಮಾಡುವ ಸೌಲಭ್ಯ ಕೊಟ್ಟಿತು. ಗೂಗಲ್ ಗ್ರೂಪ್ಸ್ ಕೂಡ ಬಿಗಿ ನೀತಿಯ ಡೊಮೇನ್‌ಗಳಿಗೆ ಹೀಗೇ ಮಾಡುತ್ತದೆ.

ಈಗ ಸಹಿ, ಫ್ರಮ್ ಎರಡೂ ಲಿಸ್ಟಿನವೇ. ಡಿಮಾರ್ಕ್ ಪಾಸ್. ಆದರೆ ಇದಕ್ಕೆ ತೆರುವ ಬೆಲೆ ಸಣ್ಣದಲ್ಲ. ಸದಸ್ಯರ ಮೇಲ್ ಆ್ಯಪ್, ಬರೆದವರ ಹೆಸರಿನ ಜೊತೆ ಲಿಸ್ಟಿನ ವಿಳಾಸವನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದೊಂದು ದಿನ ಆ ಸ್ನೇಹಿತರಿಗೆ ಖಾಸಗಿಯಾಗಿ ಬರೆಯಲು ಹೆಸರು ಟೈಪ್ ಮಾಡಿದಾಗ ಲಿಸ್ಟಿನ ವಿಳಾಸವೇ ಮೇಲೆ ಬರುತ್ತದೆ. ಮನೆಯ ವಿಷಯವೋ ಸಂಬಳದ ವಿಷಯವೋ ಇಡೀ ಬಳಗಕ್ಕೆ ಹೋಗುತ್ತದೆ. ಇದನ್ನು ಸದಸ್ಯರಿಗೆ ಮೊದಲೇ ಹೇಳುವುದು ಲಿಸ್ಟ್ ನಡೆಸುವವರ ಕರ್ತವ್ಯ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಇಂಟರ್‌ನೆಟ್ ಮಾನದಂಡ ಬರೆಯುವ ಐಇಟಿಎಫ್ ಇದಕ್ಕೆ ಒಳ್ಳೆಯ ಉಪಾಯ ಮಾಡಿತು. ಬಿಗಿ ನೀತಿಯ ಡೊಮೇನ್‌ನಿಂದ ಬರೆದವರಿಗೆ ಅವರವರದ್ದೇ ಒಂದು ಬದಲಿ ವಿಳಾಸ ತಯಾರಿಸುತ್ತದೆ. ಮೂಲ ವಿಳಾಸದ ‘ಆಟ್’ ಚಿಹ್ನೆಯ ಬದಲು =40 ಬರೆದು, ಕೊನೆಗೆ ತನ್ನ ಡೊಮೇನ್ ಹಚ್ಚುತ್ತದೆ. ಆ ವಿಳಾಸಕ್ಕೆ ಬರೆದರೆ ಮೇಲ್ ಆ ಒಬ್ಬರಿಗೇ ಹೋಗುತ್ತದೆ. ಸಣ್ಣ ಲಿಸ್ಟಿಗೆ ಇಷ್ಟು ವ್ಯವಸ್ಥೆ ಕಷ್ಟ, ಆದರೆ ಅನುಕೂಲವಿದ್ದವರು ಮಾಡಬೇಕು.

ಫ್ರಮ್ ಬದಲಿಸುವಾಗ ಹಳೆಯ, ಮುರಿದ ಸಹಿಯನ್ನು ತೆಗೆಯಬೇಕೇ?

ಬಿಟ್ಟರೂ ನಿಯಮದ ಪ್ರಕಾರ ತೊಂದರೆಯಿಲ್ಲ. ನಾನಾದರೆ ಬಿಡುತ್ತೇನೆ, ಏನಾದರೂ ಕೆಟ್ಟಾಗ ಪತ್ತೆ ಹಚ್ಚಲು ಅದು ಬೇಕಾಗುತ್ತದೆ.

ಆರ್ಕ್ ಬಂದ ಮೇಲೆ ಇದೆಲ್ಲ ಬೇಡ ಅಲ್ವಾ?

ಅಷ್ಟು ಸುಲಭವಾಗಿಲ್ಲ. 2019ರ ಆರ್‌ಎಫ್‌ಸಿ 8617ರಲ್ಲಿ ಪ್ರಾಯೋಗಿಕವಾಗಿ ಬಂದ ವಿಧಾನ ಇದು. ಲಿಸ್ಟ್ ಮೇಲನ್ನು ತಿದ್ದುವ ಮೊದಲು ಸಹಿ ಪರೀಕ್ಷಿಸಿಕೊಂಡು, ಕಳಿಸುವಾಗ ‘ನನ್ನ ಹತ್ತಿರ ಬಂದಾಗ ಡಿಕಿಮ್ ಪಾಸ್ ಆಗಿತ್ತು’ ಎಂದು ಬರೆದು, ಆ ಹೇಳಿಕೆಗೆ ತಾನೇ ಸಹಿ ಹಾಕುತ್ತದೆ. ದಾರಿಯಲ್ಲಿ ಎಷ್ಟು ಸರ್ವರ್ ಇದ್ದರೂ ಒಂದರ ನಂತರ ಒಂದು ಹೀಗೆ ಸರಪಳಿ ಬೆಳೆಯುತ್ತದೆ.

ಆದರೆ ಹೇಳಿಕೆಯನ್ನು ನಂಬುವುದು ಬಿಡುವುದು ಪಡೆಯುವವರಿಗೆ ಬಿಟ್ಟದ್ದು. ವಂಚಕರ ಸರ್ವರ್ ಕೂಡ ‘ಪಾಸ್ ಆಗಿತ್ತು’ ಎಂದು ಬರೆಯಬಹುದಲ್ಲ. ಮೈಕ್ರೋಸಾಫ್ಟ್ 365ರಲ್ಲಿ ಯಾರ ಆರ್ಕ್ ಮುದ್ರೆ ನಂಬಬೇಕು ಎಂದು ಸಂಸ್ಥೆಯ ಅಡ್ಮಿನ್ ಪಟ್ಟಿ ಮಾಡಬಹುದು. ಲಿಸ್ಟುಗಳು ಆರ್ಕ್ ಹಾಕಬೇಕು ಎಂದು ಗೂಗಲ್ ಕೂಡ ಸಲಹೆ ಕೊಡುತ್ತದೆ. ಮೇಲ್‌ಮ್ಯಾನ್ 3, ಸಿಂಪಾ ಎಂಬ ಇನ್ನೊಂದು ಲಿಸ್ಟ್ ತಂತ್ರಾಂಶ, ಎರಡರಲ್ಲೂ ಸೌಲಭ್ಯವಿದೆ. ಹಾಕಿ, ನಷ್ಟವಿಲ್ಲ. ಅದೊಂದನ್ನೇ ನಂಬಿ ಫ್ರಮ್ ಬದಲಿಸುವುದನ್ನು ನಿಲ್ಲಿಸಬೇಡಿ.

ಒಂದು ವಿಳಾಸಕ್ಕೆ ಬಂದ ಮೇಲನ್ನು ಇನ್ನೊಂದಕ್ಕೆ ಫಾರ್ವರ್ಡ್ ಮಾಡಿದರೂ ಇದೇ ತೊಂದರೆಯೇ?

ಉಲ್ಟಾ. ಸರ್ವರ್ ತಾನಾಗಿ ದಾಟಿಸಿದರೆ ಎಸ್‌ಪಿಎಫ್ ಸೋಲುತ್ತದೆ, ಏಕೆಂದರೆ ಐಪಿ ಬೇರೆ. ಒಳಗಿನದ್ದು ಬದಲಾಗದ ಕಾರಣ ಡಿಕಿಮ್ ಉಳಿಯುತ್ತದೆ.

ಹಲವು ಮೇಲ್‌ಗಳನ್ನು ಒಟ್ಟಿಗೆ ಕಟ್ಟಿ ಕಳಿಸುವ ಡೈಜೆಸ್ಟ್ ಪಡೆಯುವವರಿಗೆ?

ಚಿಂತೆಯಿಲ್ಲ. ಡೈಜೆಸ್ಟ್ ಲಿಸ್ಟಿನ ಹೆಸರಲ್ಲೇ ಬರುವ ಹೊಸ ಮೇಲ್.

ನಮ್ಮ ಸಂಸ್ಥೆಯ ಡೊಮೇನ್‌ಗೆ ‘ರಿಜೆಕ್ಟ್’ ಹಾಕಿ ಎಂದು ಆಡಿಟ್‌ನವರು ಹೇಳಿದ್ದಾರೆ. ಹಾಕಬೇಕೇ?

ಆ ಡೊಮೇನ್‌ನಿಂದ ಯಾರು ಬರೆಯುತ್ತಾರೆ ಎಂದು ಮೊದಲು ನೋಡಿ. ಬಿಲ್ಲು, ಒಟಿಪಿ, ಸೂಚನೆ ಕಳಿಸುವ ಡೊಮೇನ್‌ಗೆ ಕಣ್ಣುಮುಚ್ಚಿ ಹಾಕಿ. ಅಧ್ಯಾಪಕರು, ಎಂಜಿನಿಯರ್‌ಗಳು, ಸಂಶೋಧಕರು ಹೊರಗಿನ ಲಿಸ್ಟುಗಳಿಗೆ ಬರೆಯುವ ಡೊಮೇನ್ ಆದರೆ ಅವಸರ ಬೇಡ. ಎರಡಕ್ಕೂ ಬೇರೆ ಬೇರೆ ಡೊಮೇನ್ ಇಡುವುದು ನನ್ನ ಕಣ್ಣಿಗೆ ಅತ್ಯುತ್ತಮ. ಆಗದಿದ್ದರೆ ಮೊದಲು ‘ನನ್’ ಇಟ್ಟು, ಡಿಮಾರ್ಕ್ ವರದಿಗಳನ್ನು ತರಿಸಿಕೊಂಡು ಓದಿ. ಯಾವ ಲಿಸ್ಟುಗಳ ಮೂಲಕ ನಿಮ್ಮವರ ಮೇಲ್ ಹೋಗುತ್ತಿದೆ ಎಂಬುದಕ್ಕೆ ಅದರಲ್ಲಿ ಸುಳಿವು ಸಿಗುತ್ತದೆ.

2024ರ ಜಿಮೇಲ್, ಯಾಹೂ ನಿಯಮ ಸಣ್ಣ ಲಿಸ್ಟಿಗೂ ಅನ್ವಯವೇ?

2024ರ ಫೆಬ್ರವರಿಯಿಂದ ಜಾರಿಗೆ ಬಂದ ನಿಯಮಗಳಲ್ಲಿ ಡಿಮಾರ್ಕ್ ಕಡ್ಡಾಯವಾದದ್ದು ದೊಡ್ಡ ಪ್ರಮಾಣದಲ್ಲಿ ಕಳಿಸುವವರಿಗೆ. ಜಿಮೇಲ್ ಲೆಕ್ಕದಲ್ಲಿ ಜಿಮೇಲ್ ವಿಳಾಸಗಳಿಗೆ ದಿನಕ್ಕೆ ಸುಮಾರು 5000 ಮೇಲ್. ಸಾವಿರ ಸದಸ್ಯರ ಲಿಸ್ಟಿನಲ್ಲಿ ಬಿಸಿ ಚರ್ಚೆ ನಡೆದರೆ ಅಷ್ಟು ಆಗಿಯೇಬಿಡಬಹುದು, ಎಚ್ಚರ. ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕೇ ಬೇಕು.

ಸಹಿ ಎಲ್ಲಿ ಮುರಿಯಿತು ಎಂದು ಪತ್ತೆ ಹಚ್ಚುವುದು ಹೇಗೆ?

ಲಿಸ್ಟಿನಿಂದ ಬಂದ ಮೇಲ್ ತೆರೆಯಿರಿ. ಜಿಮೇಲ್‌ನಲ್ಲಾದರೆ ‘ಶೋ ಒರಿಜಿನಲ್’ ಒತ್ತಿ. ‘ಅಥೆಂಟಿಕೇಶನ್-ರಿಸಲ್ಟ್ಸ್’ ಎಂಬ ಹೆಡರ್ ಹುಡುಕಿ. ಡಿಕಿಮ್ ಸಾಲು ಎರಡು ಇರಬಹುದು, ಒಂದು ಬರೆದವರದ್ದು, ಇನ್ನೊಂದು ಲಿಸ್ಟಿನದ್ದು. ಬರೆದವರ ಸಾಲಿನಲ್ಲಿ ಬಾಡಿ ಹ್ಯಾಶ್ ಹೊಂದಲಿಲ್ಲ ಎಂದಿದ್ದರೆ ಫುಟರ್, ಅಟ್ಯಾಚ್‌ಮೆಂಟ್, ಅಕ್ಷರ ರೂಪ ಇವುಗಳ ಕಡೆ ನೋಡಿ. ಬಾಡಿ ಬಗ್ಗೆ ಏನೂ ಹೇಳದೆ ಸಹಿ ಸರಿಯಿಲ್ಲ ಎಂದಷ್ಟೇ ಇದ್ದರೆ ಸಾಮಾನ್ಯವಾಗಿ ಹೆಡರ್ ಬದಲಾಗಿದೆ, ಸಬ್ಜೆಕ್ಟಿನಿಂದ ಶುರು ಮಾಡಿ. ಸಹಿಯ ‘ಎಚ್’ ಟ್ಯಾಗಿನಲ್ಲಿ ಯಾವ ಯಾವ ಹೆಡರ್ ಸೇರಿದೆ ಎಂಬ ಪಟ್ಟಿಯೇ ಇರುತ್ತದೆ. ಅದೇ ಮೇಲ್‌ನ ಒಂದು ಪ್ರತಿಯನ್ನು ಬರೆದವರಿಂದ ನೇರವಾಗಿಯೂ ತರಿಸಿಕೊಂಡು ಅಕ್ಕಪಕ್ಕ ಇಟ್ಟು ಹೋಲಿಸಿ. ನೇರ ಪ್ರತಿಯಲ್ಲೂ ಸಹಿ ಸೋತಿದ್ದರೆ ತೊಂದರೆ ಲಿಸ್ಟಿನದ್ದಲ್ಲ. ಬರೆದವರ ಸಂಸ್ಥೆಯಲ್ಲಿ ಸಹಿ ಬಿದ್ದ ಮೇಲೆ ‘ಗೌಪ್ಯ ಸೂಚನೆ’ ಸಾಲುಗಳನ್ನು ಅಂಟಿಸುವ ಇನ್ನೊಂದು ಸರ್ವರ್ ಇರಬಹುದು. ಅವರ ಐಟಿ ವಿಭಾಗಕ್ಕೆ ಹೇಳಿ: ಸಹಿ ಹಾಕುವ ಕೆಲಸ ಎಲ್ಲಕ್ಕಿಂತ ಕೊನೆಗೆ ಆಗಬೇಕು.